ಯಂತ್ರ ತಾಲ್ಲೂಕಿಗೆ ಬಂತು, ಫಿಸ್ಟುಲಾ ಇನ್ನೂ ಬೆಂಗಳೂರಿನಲ್ಲೇ ಇದೆ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಚಿಕ್ಕಬಳ್ಳಾಪುರ ಜಿಲ್ಲೆಯಿಂದ ನಮಸ್ಕಾರಗಳು.

ಈ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ, ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಿಂದ ಸೋಸುವ ಡಯಾಲಿಸಿಸ್ ಘಟಕದಲ್ಲಿ ನಾನು ತಂತ್ರಜ್ಞನಾಗಿ ವರ್ಷಗಟ್ಟಲೆ ದುಡಿದವನು. ಈಗ ಆ ಕೆಲಸದಲ್ಲಿ ಇಲ್ಲ. ಆದ್ದರಿಂದ ಈ ಪತ್ರಕ್ಕೆ ಕಾರಣ ಕೇಳಿ ನೋಟಿಸ್ ಜಾರಿ ಮಾಡುವ ಶ್ರಮವನ್ನು ಯಾರೂ ತೆಗೆದುಕೊಳ್ಳಬೇಕಿಲ್ಲ.

ಮೊದಲು ಸಲ್ಲಬೇಕಾದ ಕೃತಜ್ಞತೆ ಸಲ್ಲಿಸಿಬಿಡುತ್ತೇನೆ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದಾಗ ನಮ್ಮ ಕಡೆ ಅದನ್ನು ನಂಬಿದವರು ಕಡಿಮೆ. ಇಂದು ಬಡವರಿಗೆ ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಡಯಾಲಿಸಿಸ್ ಸಿಗುತ್ತಿದೆ. ಬಾಗೇಪಲ್ಲಿಯಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ವಾರಕ್ಕೆ ಎರಡು ಮೂರು ಸಲ ಅಷ್ಟು ದೂರ ಹೋಗಿ, ನಾಲ್ಕು ಗಂಟೆ ಮಲಗಿ, ತಲೆ ಸುತ್ತುತ್ತಿರುವಾಗಲೇ ಬಸ್ಸು ಹತ್ತಿ ಬರುತ್ತಿದ್ದವರಿಗೆ ಇದರ ಬೆಲೆ ಗೊತ್ತು. ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರಿದೆ ಎಂದು ಅವರು ನೋಡಿಲ್ಲ. ಹಾಸಿಗೆ ಇದೆ, ನೀರಿನ ಶುದ್ಧೀಕರಣ ಘಟಕ ಇದೆ, ಕರೆಂಟು ಹೋದರೆ ಜನರೇಟರ್ ಇದೆ. ಅವರಿಗೆ ಅಷ್ಟು ಸಾಕು.

ನನ್ನ ದೂರು ಯಂತ್ರದ ಬಗ್ಗೆ ಅಲ್ಲ. ರೋಗಿಯ ಮೈಯಿಂದ ಯಂತ್ರಕ್ಕೆ ರಕ್ತ ಹೋಗುವ ದಾರಿಯ ಬಗ್ಗೆ, ಅದಕ್ಕಾಗಿ ಕೈಯಲ್ಲಿ ಮಾಡುವ ಫಿಸ್ಟುಲಾ ಎಂಬ ರಕ್ತನಾಳದ ಜೋಡಣೆಯ ಬಗ್ಗೆ. ಈ ಬಯಲುಸೀಮೆಯವನಾಗಿ ಹೇಳುವುದಾದರೆ, ಕೊಳವೆಬಾವಿಯನ್ನೇ ಕೊರೆಸದೆ ಮೋಟಾರು, ಸ್ಟಾರ್ಟರು, ಪ್ಯಾನೆಲ್ ಬೋರ್ಡು ಮಂಜೂರು ಮಾಡಿದ ಹಾಗಿದೆ ನಮ್ಮ ವ್ಯವಸ್ಥೆ.

ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ 250ರಿಂದ 300 ಮಿಲಿಲೀಟರ್ ರಕ್ತ ಬೇಕು. ಒಂದು ನಿಮಿಷವಲ್ಲ, ನಾಲ್ಕು ಗಂಟೆ ಉದ್ದಕ್ಕೂ ಬೇಕು. ಗ್ಲೂಕೋಸ್ ಹಾಕುವ ಮಾಮೂಲಿ ರಕ್ತನಾಳದಿಂದ ಅಷ್ಟು ಎಳೆದರೆ ಅದು ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಹೀಗಾಗಿ ನಮ್ಮ ಘಟಕಗಳಲ್ಲಿ ಕಾಣುವುದು ಮುಖ್ಯವಾಗಿ ಎರಡು ದಾರಿಗಳು. ಒಂದು, ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಎರಡು ಬಾಯಿಯ ಕೊಳವೆ ಇಳಿಸುವುದು. ರೋಗಿಗಳು ‘ಕುತ್ತಿಗೆ ಪೈಪು’ ಎನ್ನುವುದು ಇದನ್ನೇ. ಇನ್ನೊಂದು ಫಿಸ್ಟುಲಾ: ಕೈಯಲ್ಲಿ ಹೃದಯದಿಂದ ರಕ್ತ ತರುವ ಅಪಧಮನಿಯನ್ನೂ ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಯನ್ನೂ ಒಂದು ಕಡೆ ಜೋಡಿಸುವುದು. ಅಪಧಮನಿಯ ಒತ್ತಡದ ರಕ್ತ ನೇರವಾಗಿ ನುಗ್ಗುವುದರಿಂದ ಅಭಿಧಮನಿ ವಾರಗಳಲ್ಲಿ ಹಿಗ್ಗಿ, ಗೋಡೆ ದಪ್ಪವಾಗಿ, ದಪ್ಪ ಸೂಜಿಯನ್ನು ಮತ್ತೆ ಮತ್ತೆ ತಡೆದುಕೊಳ್ಳುವಷ್ಟು ಗಟ್ಟಿಯಾಗುತ್ತದೆ. ಬೆರಳಿಟ್ಟರೆ ಚರ್ಮದ ಕೆಳಗೆ ಜುಮುಜುಮು ಕಂಪನ ಸಿಗುತ್ತದೆ. ಸ್ಟೆತಸ್ಕೋಪಿನಲ್ಲಿ ಕೇಳಿದರೆ ಬಿಡದೆ ಹರಿಯುವ ಸದ್ದು.

ಇದು ಹೊಸ ವಿದ್ಯೆಯೇನಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಕೈಗೆ ಟೆಫ್ಲಾನ್ ಕೊಳವೆ ಕೂರಿಸಿ, ಅದನ್ನು ಹೊರಗೇ ಉಳಿಸಿ, ದೀರ್ಘಕಾಲದ ಡಯಾಲಿಸಿಸ್ ಸಾಧ್ಯವೆಂದು ತೋರಿಸಿದರು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿದರು. ಆಮೇಲೆ 1966ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ಕೊಳವೆಯ ಗೊಡವೆಯೇ ಬೇಡವೆಂದು ಮಣಿಕಟ್ಟಿನಲ್ಲಿ ರಕ್ತನಾಳಗಳನ್ನೇ ಜೋಡಿಸಿದ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ರಕ್ತನಾಳ ಚೆನ್ನಾಗಿರುವವರಿಗೆ ಮೊದಲ ಆಯ್ಕೆ ಅದೇ. ಅರವತ್ತು ವರ್ಷ ಹಳೆಯ ಶಸ್ತ್ರಚಿಕಿತ್ಸೆಯೊಂದು ನಂದಿ ಬೆಟ್ಟದ ಈ ಕಡೆಗೆ ಸರಿಯಾಗಿ ಬಂದು ತಲುಪಿಲ್ಲ ಎನ್ನುವುದು ನನಗೆ ಸಂಕಟದ ಸಂಗತಿ.

ಕುತ್ತಿಗೆ ಪೈಪು ತುರ್ತಿಗೆ ಇರುವುದು. ಉಸಿರು ಕಟ್ಟಿ, ಮೈ ಬಾತು ಬಂದವರನ್ನು ಅದೇ ದಿನ ಉಳಿಸುವುದು ಅದೇ. ಅದನ್ನು ನಾನು ಹಳಿಯುವುದಿಲ್ಲ. ಆದರೆ ತುರ್ತಿಗೆ ಹಾಕಿದ್ದನ್ನು ತಿಂಗಳುಗಟ್ಟಲೆ ಎಳೆದರೆ ಏನಾಗುತ್ತದೆಂದು ಘಟಕದಲ್ಲಿ ನಿಂತು ನೋಡಬೇಕು. ರೋಗಿ ಬೆಳಿಗ್ಗೆ ಚೆನ್ನಾಗಿಯೇ ಬಂದಿರುತ್ತಾನೆ. ಯಂತ್ರಕ್ಕೆ ಜೋಡಿಸಿ ಅರ್ಧ ಗಂಟೆಯಾಗುವಷ್ಟರಲ್ಲಿ ಹಲ್ಲು ಕಟಕಟಿಸುವ ಚಳಿ ಹಿಡಿಯುತ್ತದೆ. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗಾಡುತ್ತದೆ. ಪೈಪಿನೊಳಗೆ ಮನೆ ಮಾಡಿದ್ದ ಸೋಂಕು ರಕ್ತಕ್ಕೆ ನುಗ್ಗಿರುತ್ತದೆ. ಆಗ ಪ್ರತಿಜೀವಕ, ಪೈಪು ತೆಗೆಯುವುದು, ಇನ್ನೊಂದು ಕಡೆ ಮತ್ತೊಂದು ಪೈಪು. ಹೀಗೆ ಹಾಕಿ ತೆಗೆದು ಮಾಡುತ್ತಾ ಹೋದರೆ ಎದೆಯೊಳಗಿನ ದೊಡ್ಡ ಅಭಿಧಮನಿ ಕಿರಿದಾಗುತ್ತದೆ. ಮುಖ, ಕೈ ಊದಿಕೊಳ್ಳುತ್ತವೆ. ಕೊನೆಗೊಮ್ಮೆ ಫಿಸ್ಟುಲಾ ಮಾಡಿಸಲು ದಿನಾಂಕ ಸಿಕ್ಕಾಗ ಆ ಬದಿಯ ಕೈ ಕೆಲಸಕ್ಕೆ ಬಾರದು ಎಂದು ತಿಳಿಯುತ್ತದೆ.

ಸಣ್ಣ ಕಷ್ಟಗಳನ್ನೂ ಹೇಳಬೇಕು. ಪೈಪು ಇದ್ದಷ್ಟು ದಿನ ತಲೆಗೆ ನೀರು ಹಾಕಿಕೊಳ್ಳುವ ಹಾಗಿಲ್ಲ. ಗೌರಿಬಿದನೂರಿನ ಏಪ್ರಿಲ್ ಬಿಸಿಲಿನಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಕೂರಬೇಕು. ಯುಗಾದಿಯ ಎಣ್ಣೆಸ್ನಾನ ಅವರ ಪಾಲಿಗಿಲ್ಲ. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟ ಹೆಂಗಸರನ್ನು ಬಲ್ಲೆ. ಸೆರಗಿನಿಂದ ಎಷ್ಟೆಂದು ಮುಚ್ಚಿಕೊಳ್ಳುವುದು?

ಫಿಸ್ಟುಲಾ ಏಕೆ ಬೇಗ ಆಗುವುದಿಲ್ಲ? ಬೆಂಗಳೂರಿಗೆ ಹೋಗಬೇಕು. ಒಮ್ಮೆ ತೋರಿಸಲು, ಒಮ್ಮೆ ಸ್ಕ್ಯಾನಿಗೆ, ಒಮ್ಮೆ ಶಸ್ತ್ರಚಿಕಿತ್ಸೆಗೆ, ಒಮ್ಮೆ ಹೊಲಿಗೆ ನೋಡಿಸಲು. ಇವುಗಳ ನಡುವೆ ಇಲ್ಲಿಯ ಡಯಾಲಿಸಿಸ್ ಪಾಳಿ ತಪ್ಪಬಾರದು. ಕೂಲಿ ಬಿಟ್ಟು ಜೊತೆಗೆ ಹೋಗಲು ಮನೆಯಲ್ಲೊಬ್ಬರು ಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ರಾಜ್ಯದ ಎಲ್ಲ ಕಡೆಯಿಂದ ಬಂದವರ ಸಾಲು. ಇಷ್ಟೆಲ್ಲ ಆಗಿ ಫಿಸ್ಟುಲಾ ಮಾಡಿಸಿಕೊಂಡು ಬಂದರೂ ಅದು ಬಲಿಯಲು ಕನಿಷ್ಠ ಆರು ವಾರ, ಹಲವರಲ್ಲಿ ಮೂರು ತಿಂಗಳು. ಕೆಲವರಲ್ಲಿ ಬಲಿಯುವುದೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಅಪಧಮನಿ ಗಟ್ಟಿಯಾದವರಿಗೆ, ರಕ್ತನಾಳ ಸಣ್ಣದಾಗಿರುವ ಹೆಂಗಸರಿಗೆ ಸೋಲು ಹೆಚ್ಚು.

ಫಿಸ್ಟುಲಾ ಕೈ ಕೊಡುವ ದಿನದ ಕಥೆ ಇನ್ನೂ ಕಹಿ. ಶಿಡ್ಲಘಟ್ಟದ ಒಬ್ಬ ರೇಷ್ಮೆ ರೀಲರ್ ನಮ್ಮ ಘಟಕಕ್ಕೆ ಬರುತ್ತಿದ್ದರು. ಗೂಡು ಬೇಯುವ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುವ ಕೈ ಅವರದು. ಎಡ ಮಣಿಕಟ್ಟಿನ ಫಿಸ್ಟುಲಾವನ್ನು ಕಣ್ಣಿನಂತೆ ಕಾಪಾಡಿಕೊಂಡಿದ್ದರು. ಒಂದು ಬೆಳಿಗ್ಗೆ ಎದ್ದು ಮುಟ್ಟಿಕೊಂಡರೆ ಕಂಪನ ಇಲ್ಲ. ಫೋನು ಮಾಡಿ, ‘ಕೈ ಸುಮ್ಮನಾಗಿದೆ ಸಾರ್’ ಎಂದರು. ರಕ್ತ ಹೆಪ್ಪುಗಟ್ಟಿದರೆ ಒಂದೆರಡು ದಿನದೊಳಗೆ ತೆಗೆಸಿದರೆ ಫಿಸ್ಟುಲಾ ಉಳಿಯುವ ಸಾಧ್ಯತೆ ಇದೆ. ತಡವಾದಷ್ಟೂ ಆಸೆ ಕಡಿಮೆ. ಅವರು ಅಂದೇ ಬೆಂಗಳೂರಿಗೆ ಹೋದರು. ಹೋದ ಕಡೆ ಹಾಸಿಗೆ ಇರಲಿಲ್ಲ. ಮುಂದಿನ ವಾರ ಬನ್ನಿ ಎಂದರು. ಮುಂದಿನ ಪಾಳಿಗೆ ನಮ್ಮಲ್ಲಿಗೆ ಬಂದಾಗ ಅವರ ಕುತ್ತಿಗೆಯಲ್ಲಿ ಪೈಪು ಇತ್ತು. ಯಾರೂ ಬೇಕೆಂದು ಅನ್ಯಾಯ ಮಾಡಿದ್ದಲ್ಲ. ಆದರೆ ಆ ತುರ್ತನ್ನು ತುರ್ತು ಎಂದು ಗುರುತಿಸುವ ಜಾಗವೇ ನಮ್ಮ ಜಿಲ್ಲೆಯವರಿಗೆ ಇರಲಿಲ್ಲ.

ಈಗ ಹೊಸ ವಿಧಾನದ ವಿಷಯಕ್ಕೆ ಬರುತ್ತೇನೆ. ಕತ್ತರಿಸದೆ, ಹೊಲಿಗೆ ಹಾಕದೆ, ಸೂಜಿಯ ದಾರಿಯಿಂದಲೇ ಫಿಸ್ಟುಲಾ ಮಾಡುವ ಎರಡು ಸಾಧನಗಳಿಗೆ 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ವೇವ್‌ಲಿಂಕ್ ಎಂಬುದರಲ್ಲಿ ಎರಡು ತೆಳು ಕೊಳವೆಗಳಿವೆ. ಒಂದನ್ನು ಅಪಧಮನಿಗೆ, ಇನ್ನೊಂದನ್ನು ಪಕ್ಕದ ಅಭಿಧಮನಿಗೆ ಇಳಿಸುತ್ತಾರೆ. ಎರಡರಲ್ಲೂ ಆಯಸ್ಕಾಂತ ಇರುವುದರಿಂದ ಒಂದನ್ನೊಂದು ಸೆಳೆದು ಗೋಡೆಗೆ ಗೋಡೆ ತಾಗಿ ನಿಲ್ಲುತ್ತವೆ. ಆಗ ರೇಡಿಯೋ ತರಂಗದ ಶಾಖದಿಂದ ನಡುವೆ ಕಿಂಡಿ ತೆರೆಯುತ್ತಾರೆ. ಎಲಿಪ್ಸಿಸ್ ಎಂಬುದಕ್ಕೆ ಒಂದೇ ಕೊಳವೆ, ಒಂದೇ ಸೂಜಿಗಂಡಿ. ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಮೊಣಕೈ ಬಳಿಯ ಅಭಿಧಮನಿಯಿಂದ ಒಳಗಿನ ಅಪಧಮನಿಗೆ ದಾಟಿ, ಎರಡರ ಗೋಡೆಯನ್ನೂ ಒತ್ತಿ ಹಿಡಿದು, ಶಾಖದಿಂದಲೇ ಬೆಸೆದು ಬಾಯಿ ತೆರೆಯುತ್ತದೆ. ಕೈಗೆ ಮಾತ್ರ ಮರವುಮದ್ದು. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗಬಹುದು. ಕೊಯ್ದ ಗಾಯವಿಲ್ಲ, ಹೊಲಿಗೆ ಬಿಚ್ಚಿಸಲು ಇನ್ನೊಂದು ಪ್ರಯಾಣವಿಲ್ಲ.

ನಮ್ಮ ಜನಕ್ಕೆ ಇದು ಏಕೆ ಬೇಕೆಂದು ಕೇಳಿದರೆ ಬಳೆಯ ವಿಷಯ ಹೇಳುತ್ತೇನೆ. ಮಣಿಕಟ್ಟಿನಲ್ಲಿ ಫಿಸ್ಟುಲಾ ಇದ್ದರೆ ಆ ಕೈಗೆ ಬಿಗಿಯಾದ ಬಳೆ, ವಾಚು ಯಾವುದೂ ಕೂಡದು. ಗಂಡ ಇರುವಾಗ ಒಂದು ಕೈ ಬರಿದು ಮಾಡಿಕೊಳ್ಳುವುದೇ ಎಂದು ಶಸ್ತ್ರಚಿಕಿತ್ಸೆಯನ್ನೇ ಮುಂದೂಡಿದ ಹೆಂಗಸರಿದ್ದಾರೆ. ಇದನ್ನು ಮೂಢನಂಬಿಕೆ ಎಂದು ನಗುವುದು ಸುಲಭ. ಕೈಯಲ್ಲಿ ಸೂಜಿ ಹಿಡಿದು ಅವರ ಎದುರು ನಿಂತಾಗ ನಗು ಬರುವುದಿಲ್ಲ. ಸೂಜಿದಾರಿಯ ಫಿಸ್ಟುಲಾ ಮೊಣಕೈ ಹತ್ತಿರ ಆಗುತ್ತದೆ. ಆ ಕೈಗೆ ಎಚ್ಚರಿಕೆ ತಪ್ಪುವುದಿಲ್ಲ, ಆದರೆ ಮಣಿಕಟ್ಟಿನಲ್ಲಿ ಗಾಯದ ಗುರುತಿರುವುದಿಲ್ಲ. ಇನ್ನು, ಫಿಸ್ಟುಲಾ ಆದವರಿಗೆ ರಬ್ಬರ್ ಚೆಂಡು ಹಿಸುಕಿ ಕೈಗೆ ವ್ಯಾಯಾಮ ಕೊಡಿ ಎನ್ನುತ್ತೇವೆ. ಚಿಂತಾಮಣಿ ಕಡೆಯ ಒಬ್ಬ ಅಜ್ಜಿ, ‘ಎರಡು ಹೊತ್ತು ಎರಡು ಹಸು ಕರೆಯುತ್ತೇನೆ, ಅದು ಸಾಲದೇನಪ್ಪಾ?’ ಎಂದು ಕೇಳಿದ್ದರು. ಗಾಯ ಮಾಯುವವರೆಗೆ ಅವರ ಕೈಯಿಂದ ತಂಬಿಗೆ ಬಿಡಿಸುವುದೇ ದೊಡ್ಡ ಪಾಡಾಗಿತ್ತು. ಹೊಲಿಗೆಯೇ ಇಲ್ಲದಿದ್ದರೆ ಇಂಥವರಿಗೆ ಎಷ್ಟು ಅನುಕೂಲ ಎಂದು ಊಹಿಸಿ.

ಇಷ್ಟು ಹೇಳಿದ ಮೇಲೂ, ನಾಳೆಯೇ ಟೆಂಡರ್ ಕರೆದು ಈ ಸಾಧನಗಳನ್ನು ಜಿಲ್ಲೆ ಜಿಲ್ಲೆಗೆ ಹಂಚಿ ಎಂದು ನಾನು ಕೇಳುತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಸಾಧನ ಒಮ್ಮೆ ಬಳಸಿ ಎಸೆಯುವಂಥದು, ದುಬಾರಿ. ಎಲ್ಲರ ಕೈಗೂ ಹೊಂದುವುದಿಲ್ಲ: ಮೊಣಕೈಯಲ್ಲಿ ಮೇಲಿನ ಮತ್ತು ಒಳಗಿನ ರಕ್ತನಾಳಗಳನ್ನು ಜೋಡಿಸುವ ಸಣ್ಣ ಅಭಿಧಮನಿ ಸರಿಯಾದ ಜಾಗದಲ್ಲಿರಬೇಕು, ಅಪಧಮನಿಗೆ ಕನಿಷ್ಠ 2 ಮಿಲಿಮೀಟರ್ ಅಗಲ ಬೇಕು. ಆದ ಮೇಲೂ ರಕ್ತ ಒಂದೇ ನಾಳದಲ್ಲಿ ಹರಿಯದೆ ಹಂಚಿಹೋಗುವುದುಂಟು. ಆಗ ನಾಳದೊಳಗೆ ಪುಟ್ಟ ಬಲೂನು ಇಳಿಸಿ, ಉಬ್ಬಿಸಿ ಹಿಗ್ಗಿಸಬೇಕು, ಇಲ್ಲವೇ ಬೇಡದ ಕವಲನ್ನು ಮುಚ್ಚಬೇಕು. ಸೂಜಿ ಎಲ್ಲಿ ಚುಚ್ಚಬೇಕೆಂದು ತಾಲ್ಲೂಕಿನ ತಂತ್ರಜ್ಞನಿಗೆ ಹೊಸದಾಗಿ ಕಲಿಸಬೇಕು. ಮಣಿಕಟ್ಟಿನ ಫಿಸ್ಟುಲಾದಂತೆ ಹಗ್ಗದ ಹಾಗೆ ಎದ್ದು ಕಾಣುವ ನಾಳ ಅಲ್ಲಿ ಸಿಗದೆ ಇರಬಹುದು. ಇದಾವುದನ್ನೂ ಯೋಚಿಸದೆ ತಂದರೆ ಸಾಧನ ಕಪಾಟಿನಲ್ಲಿ ಅವಧಿ ಮೀರುತ್ತದೆ. ಹಾಗೆ ಅವಧಿ ಮೀರಿದ ಸಾಮಾನುಗಳ ಪಟ್ಟಿ ಬರೆದು ಸಹಿ ಮಾಡಿ ನನಗೆ ಅಭ್ಯಾಸವಿದೆ.

ರೋಗಿಯನ್ನು ಕಡಿಮೆ ಕೊಯ್ಯುವುದು, ಕಡಿಮೆ ಚುಚ್ಚುವುದು ಗುರಿಯಾದರೆ ಅದಕ್ಕೆ ಅಗ್ಗದ ದಾರಿಗಳು ಮೊದಲೇ ಇವೆ.

ಅತಿ ಅಗ್ಗದ್ದು ಎಡಗೈಯನ್ನು ಉಳಿಸುವುದು. ಮೂತ್ರಪಿಂಡ ಸೋಲುತ್ತಿದೆ ಎಂದು ಗೊತ್ತಾದ ದಿನದಿಂದ, ಬಲಗೈಯಲ್ಲಿ ಕೆಲಸ ಮಾಡುವವರ ಎಡ ಮುಂಗೈಗೆ ಡ್ರಿಪ್ ಸೂಜಿ ಹಾಕಬಾರದು, ರಕ್ತ ತೆಗೆಯಬಾರದು. ಬೇಕಿದ್ದರೆ ಅಂಗೈಯ ಹಿಂಬದಿಯಿಂದ ತೆಗೆಯಲಿ. ನಮ್ಮಲ್ಲಿ ಸುಸ್ತು ಎಂದು ಕ್ಲಿನಿಕ್ಕಿಗೆ ಹೋದವನಿಗೆ ಒಂದು ಬಾಟಲಿ ಗ್ಲೂಕೋಸ್ ಏರಿಸದಿದ್ದರೆ ವೈದ್ಯರಿಗೂ ಸಮಾಧಾನವಿಲ್ಲ, ರೋಗಿಗೂ ಇಲ್ಲ. ಹಾಗೆ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯಲ್ಲಿ ಫಿಸ್ಟುಲಾ ಮಾಡಿ ಎಂದರೆ ಎಂಥ ಶಸ್ತ್ರವೈದ್ಯರಾದರೂ ಏನು ಮಾಡಬೇಕು? ಸಕ್ಕರೆ ಕಾಯಿಲೆ, ರಕ್ತದೊತ್ತಡದ ತಪಾಸಣೆ ಹಳ್ಳಿ ಹಳ್ಳಿಯಲ್ಲಿ ನಡೆಯುತ್ತಿದೆ. ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದವರ ಚೀಟಿಯ ಮೇಲೆ ‘ಎಡಗೈ ಚುಚ್ಚಬೇಡಿ’ ಎಂದು ಒಂದು ಮುದ್ರೆ ಒತ್ತಿಸಲು ಯಾವ ಕೇಂದ್ರ ಅನುದಾನವೂ ಬೇಡ.

ಎರಡನೆಯದು ಸಮಯ. ಆರೋಗ್ಯವಂತರಲ್ಲಿ 100ರ ಆಸುಪಾಸಿನಲ್ಲಿರುವ ಮೂತ್ರಪಿಂಡದ ಸೋಸುವಿಕೆಯ ಲೆಕ್ಕ 15–20ಕ್ಕೆ ಇಳಿದು ಇನ್ನೂ ಇಳಿಯುತ್ತಿದ್ದರೆ ಫಿಸ್ಟುಲಾ ಯೋಜನೆ ಶುರುವಾಗಬೇಕೆಂದು 2019ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಯೋಜನೆ ಶುರುವಾಗುವುದು ಆಂಬುಲೆನ್ಸಿನಲ್ಲಿ.

ಮೂರನೆಯದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಇದು ಜಿಲ್ಲಾ ಆಸ್ಪತ್ರೆಯಲ್ಲಿ ನಾಳೆಯೇ ಆಗಬಹುದಾದದ್ದು. ಗ್ಲಾಸ್ಗೋದಲ್ಲಿ 126 ರೋಗಿಗಳ ಮೇಲೆ ನಡೆದ ಒಂದು ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಫಿಸ್ಟುಲಾ ಮಾಡುವ ಜಾಗಕ್ಕಷ್ಟೇ ಮರವುಮದ್ದು ಕೊಟ್ಟವರಲ್ಲಿ ಮೂರು ತಿಂಗಳ ನಂತರ ಶೇ 62ರಷ್ಟು ಫಿಸ್ಟುಲಾ ಮುಚ್ಚಿಹೋಗದೆ ಉಳಿದಿದ್ದವು. ಅದರ ಬದಲು ಭುಜದ ಬಳಿ ನರಗಳ ಗೊಂಚಲಿಗೇ ಮದ್ದು ಕೊಟ್ಟು ಇಡೀ ಕೈಯನ್ನು ಮರಗಟ್ಟಿಸಿದವರಲ್ಲಿ ಶೇ 84. ಹಾಗೆ ಮಾಡಿದಾಗ ಕೈಯ ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ, ಹರಿವು ಹೆಚ್ಚುತ್ತದೆ. ಕೊಯ್ತ ಅದೇ, ಹೊಲಿಗೆ ಅದೇ. ಬದಲಾದದ್ದು ಒಂದು ಚುಚ್ಚುಮದ್ದಿನ ಜಾಗ. ಮೂಳೆ ಮುರಿದವರ ಕೈಗೆ ಇದೇ ಮರವುಮದ್ದನ್ನು ಕೊಡುವ ಅರಿವಳಿಕೆ ತಜ್ಞರು ಜಿಲ್ಲೆಯಲ್ಲಿ ಇದ್ದಾರೆ. ಅವರನ್ನು ವಾರಕ್ಕೊಂದು ಬೆಳಿಗ್ಗೆ ಈ ಕೆಲಸಕ್ಕೆ ಬಿಟ್ಟುಕೊಡುವುದು ಒಂದು ಆದೇಶದ ಮಾತು.

ಇನ್ನು ಬಲೂನು. ಫಿಸ್ಟುಲಾ ಏಕಾಏಕಿ ಸಾಯುವುದು ಅಪರೂಪ. ಮೊದಲು ಎಲ್ಲೋ ಕಿರಿದಾಗುತ್ತದೆ. ಯಂತ್ರದಲ್ಲಿ ಮರಳುವ ರಕ್ತದ ಒತ್ತಡ ಪಾಳಿಯಿಂದ ಪಾಳಿಗೆ ಏರುತ್ತದೆ, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕಂಪನದ ಬದಲು ನಾಡಿಯಂತೆ ಬಡಿತ ಸಿಗುತ್ತದೆ. ಇದೆಲ್ಲ ನಮ್ಮಂಥ ತಂತ್ರಜ್ಞರ ಕಣ್ಣಿಗೆ ಮೊದಲು ಬೀಳುತ್ತದೆ. ಆಗಲೇ ಸೂಜಿದಾರಿಯಿಂದ ಬಲೂನು ಇಳಿಸಿ ಹಿಗ್ಗಿಸಿದರೆ ಫಿಸ್ಟುಲಾ ಉಳಿಯುತ್ತದೆ. ಆ ರೀಲರ್‌ಗೆ ಬೇಕಿದ್ದದ್ದೂ ಇದೇ. ಆದರೆ ನಾವು ಕಂಡದ್ದನ್ನು ಯಾರಿಗೆ ಹೇಳಬೇಕು? ಬರೆದುಕೊಳ್ಳಲು ಪುಸ್ತಕವಿದೆ, ಓದುವವರಿಲ್ಲ.

ಇವೆಲ್ಲಕ್ಕೂ ಬೇಕಾದದ್ದು ಅಲ್ಟ್ರಾಸೌಂಡ್. ಯಾರ ಕೈಯಲ್ಲಿ ಎಂಥ ರಕ್ತನಾಳವಿದೆ ಎಂದು ಮೊದಲೇ ನಕ್ಷೆ ಮಾಡಲು ಅದು ಬೇಕು, ಬಲಿಯಿತೇ ಎಂದು ನೋಡಲು ಬೇಕು, ಆಳದಲ್ಲಿರುವ ನಾಳಕ್ಕೆ ಸೂಜಿ ಹಾಕಲೂ ಬೇಕು. ಇಲ್ಲೊಂದು ತೊಡಕಿದೆ. ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಯಾರು ಎಲ್ಲಿ ಬಳಸುತ್ತಾರೆ ಎಂಬುದು ದಾಖಲಾಗಬೇಕು. ಆ ಕಾಯ್ದೆ ಇರಲೇಬೇಕು. ಹೆಣ್ಣುಮಕ್ಕಳ ತಂದೆಯಾಗಿ ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೈಯ ರಕ್ತನಾಳ ನೋಡುವ ಪುಟ್ಟ ಯಂತ್ರವೊಂದನ್ನು ಡಯಾಲಿಸಿಸ್ ಘಟಕದಲ್ಲಿ ಇಡಲು ಕಾನೂನಿನೊಳಗೇ ಯಾವ ಅರ್ಜಿ, ಯಾರ ಹೊಣೆ, ಎಷ್ಟು ದಿನ ಎಂದು ತಮ್ಮ ಇಲಾಖೆ ಒಂದು ಸುತ್ತೋಲೆಯಲ್ಲಿ ಬರೆದುಕೊಟ್ಟರೆ ಅಧಿಕಾರಿಗಳ ಅಂಜಿಕೆ ಹೋಗುತ್ತದೆ. ಈಗ ಕೇಳಿದರೆ, ‘ಆ ಯಂತ್ರದ ಸಹವಾಸವೇ ಬೇಡ’ ಎನ್ನುವ ಉತ್ತರ ಬರುತ್ತದೆ.

ಹಾಗಾದರೆ ನಾನು ಕೇಳುವುದು ಇಷ್ಟು. ಜಿಲ್ಲೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ವಾರಕ್ಕೊಂದು ದಿನ ಫಿಸ್ಟುಲಾ ದಿನವೆಂದು ಗೊತ್ತುಮಾಡಿ. ಬೆಂಗಳೂರಿನ ನೆಫ್ರೋ ಯುರಾಲಜಿ ಸಂಸ್ಥೆಯಂಥ ಕಡೆಯಿಂದ ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರು ಬಂದು ಹೋಗಲಿ, ಇಲ್ಲಿಯ ಶಸ್ತ್ರವೈದ್ಯರಿಗೆ ಕಲಿಸಲಿ. ಐವತ್ತು ರೋಗಿಗಳು ಬಸ್ಸಿನಲ್ಲಿ ಹೋಗುವುದಕ್ಕಿಂತ ಒಬ್ಬ ವೈದ್ಯರು ಜೀಪಿನಲ್ಲಿ ಬರುವುದು ಸರ್ಕಾರಕ್ಕೂ ಅಗ್ಗ. ಮಣಿಕಟ್ಟಿನಲ್ಲಿ ಒಳ್ಳೆಯ ನಾಳ ಇರುವವರಿಗೆ ಹಳೆಯ ಶಸ್ತ್ರಚಿಕಿತ್ಸೆಯೇ ಆಗಲಿ. ಬಲೂನು ಚಿಕಿತ್ಸೆಯನ್ನು ಮತ್ತು ರಕ್ತನಾಳದ ನಕ್ಷೆಯನ್ನು ಫಿಸ್ಟುಲಾದ ಜೊತೆಗೆ ಒಂದೇ ಕಂತಿನಲ್ಲಿ ಆರೋಗ್ಯ ಕರ್ನಾಟಕ ಯೋಜನೆಯಿಂದ ಭರಿಸಿ. ಮೂರು ಕಡೆ ಮೂರು ಒಪ್ಪಿಗೆ ಪತ್ರಕ್ಕಾಗಿ ಓಡಿಸಬೇಡಿ. ಸೂಜಿದಾರಿಯ ಹೊಸ ಫಿಸ್ಟುಲಾವನ್ನು ಮೊದಲು ಬೆಂಗಳೂರಿನ ಒಂದು ಸರ್ಕಾರಿ ಕೇಂದ್ರದಲ್ಲಿ, ರಕ್ತನಾಳ ಹೊಂದುವವರನ್ನು ಆರಿಸಿ, ಫಲಿತಾಂಶ ಬರೆದಿಟ್ಟು ಮಾಡಿ ನೋಡಿ. ಆ ಕೈಗಳಿಗೆ ಸೂಜಿ ಹಾಕುವುದನ್ನು ಕಲಿಯಲು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ತಂತ್ರಜ್ಞರನ್ನೂ ಕರೆಸಿ. ಕಲಿಯುವ ಹುಡುಗರು ಇದ್ದಾರೆ. ಸಂಬಳ ಸಮಯಕ್ಕೆ ಬಂದರೆ ಇನ್ನೂ ಚೆನ್ನಾಗಿ ಕಲಿಯುತ್ತಾರೆ.

ಕೊನೆಯದಾಗಿ ಒಂದು ಕಲಂ. ನಾನು ಪ್ರತಿ ತಿಂಗಳು ತುಂಬುತ್ತಿದ್ದ ವರದಿಯಲ್ಲಿ ಎಷ್ಟು ಡಯಾಲಿಸಿಸ್ ಆಯಿತು, ಎಷ್ಟು ಕಿಟ್ ಖರ್ಚಾಯಿತು, ಯಂತ್ರ ಎಷ್ಟು ದಿನ ಕೆಟ್ಟಿತ್ತು ಎಂಬುದಕ್ಕೆಲ್ಲ ಜಾಗವಿತ್ತು. ಘಟಕ ನಡೆಸುವ ಗುತ್ತಿಗೆಯ ಬಿಲ್ಲು ಆಗುವುದೂ ಆ ಲೆಕ್ಕದ ಮೇಲೆಯೇ. ಎಷ್ಟು ಜನ ಕುತ್ತಿಗೆ ಪೈಪಿನಲ್ಲಿದ್ದಾರೆ, ಎಷ್ಟು ತಿಂಗಳಿಂದ ಇದ್ದಾರೆ, ಏಕೆ ಇದ್ದಾರೆ ಎಂದು ಕೇಳುವ ಸಾಲು ಅದರಲ್ಲಿ ಇರಲಿಲ್ಲ. ಆ ಮೂರು ಸಾಲುಗಳನ್ನು ಸೇರಿಸಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಮಾಸಿಕ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಮೂರು ತಿಂಗಳು ಮೀರಿದ ಪ್ರತಿ ಹೆಸರಿಗೂ ಯಾರಾದರೂ ಉತ್ತರ ಕೊಡಬೇಕಾಗಲಿ. ಮುಂದಿನ ಟೆಂಡರಿನ ಷರತ್ತುಗಳಲ್ಲೂ ಅದನ್ನು ಬರೆಸಿ.

ಇಂತಿ ತಮ್ಮ ವಿಶ್ವಾಸಿ,
ಮಾಜಿ ಡಯಾಲಿಸಿಸ್ ತಂತ್ರಜ್ಞ,
ಚಿಕ್ಕಬಳ್ಳಾಪುರ ಜಿಲ್ಲೆ